ಆಂಟಿಗುವಾದ ಊಟದ ಮೇಜು: ಸ್ಪ್ಯಾನಿಷ್ ಕಲಿಯಲು ಹೋದವರ ಮೊದಲ ವಾರ

ಹೊರಡುವ ಮುನ್ನ

ಗ್ವಾಟೆಮಾಲಾದ ಆಂಟಿಗುವಾದಲ್ಲಿ ಸ್ಪ್ಯಾನಿಷ್ ಕಲಿಕೆ ವಾರದ ಲೆಕ್ಕದಲ್ಲಿ ನಡೆಯುತ್ತದೆ. ಭಾನುವಾರ ಮನೆ ಸೇರಬೇಕು, ಸೋಮವಾರದಿಂದ ಶುಕ್ರವಾರದವರೆಗೆ ದಿನಕ್ಕೆ 4 ಗಂಟೆ ಪಾಠ. ಮುಂದಿನ ಭಾನುವಾರ ಹೊರಡುವವರು ಹೊರಡುತ್ತಾರೆ, ಉಳಿಯುವವರು ಇನ್ನೊಂದು ವಾರಕ್ಕೆ ಹಣ ಕಟ್ಟುತ್ತಾರೆ. ಒಬ್ಬ ಶಿಕ್ಷಕರ ಎದುರು ಒಬ್ಬನೇ ವಿದ್ಯಾರ್ಥಿ. 1969ರಲ್ಲಿ ಶುರುವಾದ ಪ್ರೊಯೆಕ್ತೊ ಲಿಂಗ್ವಿಸ್ತಿಕೊ ಫ್ರಾನ್ಸಿಸ್ಕೊ ಮರ್ರೊಕಿನ್ ಇಲ್ಲಿನ ಹಳೆಯ ಶಾಲೆಗಳಲ್ಲೊಂದು. ಈಗ ಬೀದಿಗೊಂದು ಎನ್ನುವಷ್ಟು ಶಾಲೆಗಳಿವೆ, ಕಲಿಸುವ ಕ್ರಮ ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ.

ಹಾಗಾಗಿ ಶಾಲೆಯ ಆಯ್ಕೆಗೆ ತಲೆ ಕೆಡಿಸಿಕೊಂಡಷ್ಟೇ ಮನೆಯ ಆಯ್ಕೆಗೂ ಕೆಡಿಸಿಕೊಳ್ಳಬೇಕು. ಉಳಿಯುವ ಮನೆಯನ್ನು ಗೊತ್ತುಮಾಡುವುದು ಶಾಲೆಯೇ. ಅರ್ಜಿ ತುಂಬುವಾಗ ಎರಡು ಪ್ರಶ್ನೆಗಳನ್ನು ಸ್ಪಷ್ಟವಾಗಿ ಕೇಳಿ: ಆ ಮನೆಯಲ್ಲಿ ಒಟ್ಟು ಎಷ್ಟು ವಿದ್ಯಾರ್ಥಿಗಳು ಇರುತ್ತಾರೆ? ಮನೆಯವರು ನಮ್ಮ ಜೊತೆ ಕೂತು ಊಟ ಮಾಡುತ್ತಾರಾ? ಕೆಲವು ಮನೆಗಳಲ್ಲಿ ಆರೇಳು ಕೋಣೆಗಳನ್ನು ವಿದ್ಯಾರ್ಥಿಗಳಿಗೇ ಬಿಟ್ಟಿರುತ್ತಾರೆ. ಅಲ್ಲಿ ಮೇಜಿನ ಸುತ್ತ ಕೂತವರೆಲ್ಲ ಇಂಗ್ಲಿಷ್ ಬಲ್ಲವರಾದ್ದರಿಂದ ಮಾತು ಎರಡೇ ನಿಮಿಷದಲ್ಲಿ ಇಂಗ್ಲಿಷಿಗೆ ಜಾರುತ್ತದೆ. ಊಟ ಬಡಿಸಿ ಮನೆಯವರು ಒಳಗೆ ಹೋಗಿಬಿಟ್ಟರೆ ಅದು ಊಟ ಸೇರಿದ ಲಾಡ್ಜ್ ಅಷ್ಟೇ. ಒಬ್ಬರೇ ವಿದ್ಯಾರ್ಥಿ, ಹೆಚ್ಚೆಂದರೆ ಇಬ್ಬರು, ಮನೆಯವರ ಜೊತೆ ಊಟ: ಈ ಎರಡು ವಿಷಯದಲ್ಲಿ ರಾಜಿಯಾಗಬೇಡಿ. ಕೋಣೆ ಚಿಕ್ಕದಿದ್ದರೆ, ಬಚ್ಚಲು ಹಂಚಿಕೊಳ್ಳಬೇಕಾಗಿದ್ದರೆ ನಡೆಯುತ್ತದೆ.

ಭಾರತದ ಪಾಸ್‌ಪೋರ್ಟ್ ಇರುವವರು ವೀಸಾ ವಿಚಾರವನ್ನು ದೆಹಲಿಯ ಗ್ವಾಟೆಮಾಲಾ ರಾಯಭಾರ ಕಚೇರಿಯಲ್ಲಿ ಕೇಳಿ ಇತ್ಯರ್ಥ ಮಾಡಿಕೊಂಡ ಮೇಲೇ ಟಿಕೆಟ್ ತೆಗೆಯಬೇಕು. ಅಮೆರಿಕದ ಮೂಲಕ ಹೋಗುವ ವಿಮಾನವಾದರೆ, ಅಲ್ಲಿ ವಿಮಾನ ಬದಲಿಸುವುದಕ್ಕಷ್ಟೇ ಇಳಿದರೂ ಅಮೆರಿಕದ ವೀಸಾ ಇರಲೇಬೇಕು. ಇಲ್ಲಿ ಸಿಗುವ 90 ದಿನಗಳ ವಾಸ್ತವ್ಯ ಗ್ವಾಟೆಮಾಲಾ, ಎಲ್ ಸಾಲ್ವಡಾರ್, ಹೊಂಡುರಾಸ್, ನಿಕರಾಗುವಾ ನಾಲ್ಕಕ್ಕೂ ಸೇರಿದ್ದು. ಪಕ್ಕದ ಹೊಂಡುರಾಸ್‌ಗೆ ಹೋಗಿಬಂದರೆ ಲೆಕ್ಕ ಮತ್ತೆ ಒಂದರಿಂದ ಶುರುವಾಗುವುದಿಲ್ಲ.

ಪೆಟ್ಟಿಗೆಯಲ್ಲಿ ಏನಿರಬೇಕು? ಊರಿನ ಬೀದಿಗಳೆಲ್ಲ ಉರುಟು ಕಲ್ಲಿನ ಹಾಸು, ಆದ್ದರಿಂದ ಗಟ್ಟಿ ತಳದ ಶೂ. ಬಚ್ಚಲಿಗೆ ರಬ್ಬರ್ ಚಪ್ಪಲಿ. ಊರು ಸುಮಾರು 1,530 ಮೀಟರ್ ಎತ್ತರದಲ್ಲಿದೆ, ಡಿಸೆಂಬರ್ ಜನವರಿಯ ರಾತ್ರಿಗಳು ಚಳಿ, ಮನೆಗಳಲ್ಲಿ ಹೀಟರ್ ಇರುವುದಿಲ್ಲ, ಹಾಗಾಗಿ ಒಂದು ಸ್ವೆಟರ್. ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಮಧ್ಯಾಹ್ನದ ಹೊತ್ತಿಗೆ ಮಳೆ, ಕೊಡೆ ಬೇಕು. ವಿದ್ಯುತ್ 120 ವೋಲ್ಟ್, ಪ್ಲಗ್ ಅಮೆರಿಕದ ಚಪ್ಪಟೆ ಪಿನ್ನಿನದು. ಭಾರತದಿಂದ ತಂದ ಫೋನ್, ಲ್ಯಾಪ್‌ಟಾಪ್ ಚಾರ್ಜರ್‌ಗಳಿಗೆ ಅಡಾಪ್ಟರ್ ಇದ್ದರೆ ಸಾಕು. ನಮ್ಮ 230 ವೋಲ್ಟಿನ ಕೆಟಲ್ ಮಾತ್ರ ಅಲ್ಲಿ ನೀರು ಕಾಯಿಸಲು ತುಂಬ ಹೊತ್ತು ತಗೊಳ್ಳುತ್ತದೆ, ಹೊತ್ತೊಯ್ಯಬೇಡಿ. ಡಾಲರ್ ನೋಟುಗಳು ಹರಿದಿರಬಾರದು, ಮೇಲೆ ಪೆನ್ನಿನ ಗೀಟು ಇರಬಾರದು. ಅಂಥವನ್ನು ಬ್ಯಾಂಕಿನವರು ವಾಪಸ್ ತಳ್ಳುತ್ತಾರೆ.

ಮನೆಯವರಿಗೆ ಒಂದು ಚಿಕ್ಕ ಉಡುಗೊರೆ ಇರಲಿ. ಮಕ್ಕಳಿರುವ ಮನೆಯಾದರೆ ಚನ್ನಪಟ್ಟಣದ ಬುಗುರಿ, ಇಲ್ಲದಿದ್ದರೆ ಶ್ರೀಗಂಧದ ಸೋಪು. ಏಲಕ್ಕಿ ಒಯ್ಯುವ ಯೋಚನೆ ಇದ್ದರೆ ಒಂದು ಮಾತು: ಪ್ರಪಂಚದಲ್ಲಿ ಅತಿ ಹೆಚ್ಚು ಏಲಕ್ಕಿ ರಫ್ತು ಮಾಡುವ ದೇಶವೇ ಗ್ವಾಟೆಮಾಲಾ. ಆಲ್ತಾ ವೆರಾಪಾಸ್ ಪ್ರಾಂತ್ಯದ ಬೆಟ್ಟಗಳಲ್ಲಿ ಬೆಳೆದದ್ದು ಬಹುಪಾಲು ಅರಬ್ ದೇಶಗಳಿಗೆ ಹೋಗುತ್ತದೆ, ಇಲ್ಲಿನ ಅಡುಗೆಮನೆಗಳಲ್ಲಿ ಅದರ ಬಳಕೆ ಕಡಿಮೆ. ಆದ್ದರಿಂದ ಡಬ್ಬಿ ಕೊಡುವುದಕ್ಕಿಂತ ಒಂದು ಸಂಜೆ ಏಲಕ್ಕಿ ಹಾಕಿ ಟೀ ಮಾಡಿಕೊಟ್ಟರೆ ಮಾತಿಗೆ ವಿಷಯವಾಗುತ್ತದೆ.

ಭಾನುವಾರ: ಮನೆ ಸೇರುವುದು

ವಿಮಾನ ಇಳಿಯುವುದು ಗ್ವಾಟೆಮಾಲಾ ಸಿಟಿಯ ಲಾ ಔರೋರಾ ನಿಲ್ದಾಣದಲ್ಲಿ. ಅಲ್ಲಿಂದ ಆಂಟಿಗುವಾಕ್ಕೆ ರಸ್ತೆ ಖಾಲಿ ಇದ್ದರೆ ಒಂದು ಗಂಟೆಯ ದಾರಿ, ಟ್ರಾಫಿಕ್ ಇದ್ದರೆ ಎರಡೂ ಮೀರಬಹುದು. ಶಾಲೆಗೆ ಮೊದಲೇ ಹೇಳಿದರೆ ವ್ಯಾನ್ ಕಳಿಸುತ್ತಾರೆ. ಬೆಳಕಿರುವಾಗ ತಲುಪುವ ವಿಮಾನವನ್ನೇ ಆರಿಸಿಕೊಳ್ಳಿ, ಯಾಕೆಂದರೆ ಕತ್ತಲಲ್ಲಿ ಈ ಊರಿನ ಮನೆ ಹುಡುಕುವುದು ಕಷ್ಟ. ಬೀದಿಗೆ ಕಾಣುವುದು ಬಣ್ಣ ಬಳಿದ ಉದ್ದನೆ ಗೋಡೆ, ಅದರಲ್ಲೊಂದು ಮರದ ಬಾಗಿಲು, ಪಕ್ಕದಲ್ಲಿ ಸಣ್ಣ ನಂಬರು. ಅಂಗಳ, ಗಿಡ, ಅಡುಗೆಮನೆ, ಕೋಣೆಗಳೆಲ್ಲ ಗೋಡೆಯ ಹಿಂದೆ ಅಡಗಿರುತ್ತವೆ.

ವಿಳಾಸದ ಕ್ರಮ ಗೊತ್ತಾದರೆ ಊರು ಅಂಗೈ ಮೇಲಿದ್ದಂತೆ. ಅವೆನಿದಾ ಎಂಬ ಬೀದಿಗಳು ಉತ್ತರ ದಕ್ಷಿಣಕ್ಕೆ, ಕಾಯೆ ಎಂಬವು ಪೂರ್ವ ಪಶ್ಚಿಮಕ್ಕೆ. ಮಧ್ಯೆ ಪಾರ್ಕೆ ಸೆಂತ್ರಾಲ್. ಪಾರ್ಕಿನಿಂದ ಉತ್ತರಕ್ಕಿರುವ ಅವೆನಿದಾದ ಭಾಗ ನೋರ್ತೆ, ದಕ್ಷಿಣದ್ದು ಸೂರ್. ಕಾಯೆಯ ಪೂರ್ವದ ಭಾಗ ಓರಿಯೆಂತೆ, ಪಶ್ಚಿಮದ್ದು ಪೊನಿಯೆಂತೆ. ದಿಕ್ಕು ತಪ್ಪಿದರೆ ತಲೆ ಎತ್ತಿ ಆಗುವಾ ಜ್ವಾಲಾಮುಖಿಯನ್ನು ಹುಡುಕಿ. 3,760 ಮೀಟರಿನ ಆ ಶಿಖರ ಸದಾ ದಕ್ಷಿಣಕ್ಕೆ. ಆಗಾಗ ಹೊಗೆಯ ಉಂಡೆ ಕಕ್ಕುವುದು ಪಶ್ಚಿಮದ ಕಡೆಯ ಫುಯೆಗೊ ಎಂಬ ಇನ್ನೊಂದು ಜ್ವಾಲಾಮುಖಿ.

ಮನೆಯೊಳಗೆ ಕಾಲಿಡುವಾಗ ‘ಕೊನ್ ಪೆರ್ಮಿಸೊ’ ಅನ್ನಿ, ‘ಪಾಸೆ ಅದೆಲಾಂತೆ’ ಎಂದು ಒಳಗೆ ಕರೆಯುತ್ತಾರೆ. ಮನೆಯ ಸೆನ್ಯೋರಾರನ್ನು, ಅಂದರೆ ಮನೆಯೊಡತಿಯನ್ನು, ಬರೀ ಹೆಸರು ಹಿಡಿದು ಕರೆಯಬಾರದು, ಹೆಸರಿನ ಮುಂದೆ ‘ದೋನ್ಯಾ’ ಸೇರಿಸಬೇಕು, ಯಜಮಾನರಿಗೆ ‘ದೋನ್’. ಇಬ್ಬರಿಗೂ ನಮ್ಮ ‘ನೀವು’ ಇದ್ದಂತೆ ‘ಉಸ್ತೆದ್’ ಎಂಬ ಮರ್ಯಾದೆಯ ಮಾತು. ಮನೆಯ ಹುಡುಗರು ತಮ್ಮತಮ್ಮಲ್ಲಿ ‘ವೋಸ್’ ಎಂದು ಮಾತಾಡಿಕೊಳ್ಳುವುದು ಕಿವಿಗೆ ಬೀಳುತ್ತದೆ. ಅದು ಸಲುಗೆಯ ಮಾತು, ಅವರೇ ನಿಮ್ಮನ್ನು ಹಾಗೆ ಕರೆಯುವ ತನಕ ಕಾಯಿರಿ.

ಆ ಸಂಜೆಯೇ ಆರು ವಿಷಯ ಕೇಳಿಕೊಳ್ಳಬೇಕು: ಬೀಗದ ಕೈ ಹೇಗೆ ತಿರುಗುತ್ತದೆ, ಊಟದ ಹೊತ್ತು ಯಾವುದು, ಕುಡಿಯುವ ನೀರು ಎಲ್ಲಿದೆ, ಶವರ್ ಹೇಗೆ ಹಾಕುವುದು, ವೈಫೈ ಪಾಸ್‌ವರ್ಡ್ ಏನು, ರಾತ್ರಿ ಎಷ್ಟು ಹೊತ್ತಿನೊಳಗೆ ಬರಬೇಕು. ಮಾತು ಬಾರದಿದ್ದರೆ ಕೈಸನ್ನೆಯಲ್ಲೇ ಕೇಳಿ. ಬೀಗವನ್ನಂತೂ ಅವರ ಎದುರಿಗೇ ಒಂದು ಸಲ ತೆಗೆದು ಹಾಕಿ ನೋಡಿ. ಹಳೆಯ ಬಾಗಿಲುಗಳಿಗೆ ಕೀ ಎರಡು ಸುತ್ತು ತಿರುಗಬೇಕು, ಬಾಗಿಲನ್ನು ತಮ್ಮ ಕಡೆ ಎಳೆದು ಹಿಡಿದುಕೊಂಡೇ ತಿರುಗಿಸಬೇಕು.

ನಲ್ಲಿ ನೀರು ಕುಡಿಯುವಂಥದ್ದಲ್ಲ. ಅಡುಗೆಮನೆಯ ಮೂಲೆಯಲ್ಲಿ ಸುಮಾರು 19 ಲೀಟರಿನ ಗರ್ರಾಫೋನ್ ಎಂಬ ಕ್ಯಾನ್ ಇರುತ್ತದೆ, ಕುಡಿಯುವುದಕ್ಕೂ ಹಲ್ಲುಜ್ಜಿ ಬಾಯಿ ಮುಕ್ಕಳಿಸುವುದಕ್ಕೂ ಅದೇ ನೀರು. ಇನ್ನು ಶೌಚಾಲಯ: ಕಾಗದವನ್ನು ಕಮೋಡಿಗೆ ಹಾಕಬಾರದು, ಪಕ್ಕದ ಬುಟ್ಟಿಗೆ ಹಾಕಬೇಕು. ಒಳಚರಂಡಿ ಪೈಪುಗಳು ಕಿರಿದು, ಕಟ್ಟಿಕೊಂಡರೆ ನೀರು ಉಕ್ಕುವುದು ಮನೆಯವರ ಅಂಗಳಕ್ಕೇ. ನೀರು ಬಳಸುವವರು ಒಂದು ಚಿಕ್ಕ ಮಗ್ ಕೊಂಡಿಟ್ಟುಕೊಳ್ಳಬೇಕು, ಮನೆಯ ಬಚ್ಚಲಲ್ಲಿ ಅದು ಇರುವುದಿಲ್ಲ.

ಸೋಮವಾರ: ಶವರ್, ಪಾಠ, ಮಧ್ಯಾಹ್ನದ ಊಟ

ಬೆಳಗಿನ ಮೊದಲ ಪರೀಕ್ಷೆ ಶವರ್. ಬಹಳ ಮನೆಗಳಲ್ಲಿ ಗೀಸರ್ ಇರುವುದಿಲ್ಲ. ಶವರಿನ ಪ್ಲಾಸ್ಟಿಕ್ ತಲೆಯೊಳಗೇ ಕಾಯಿಲ್ ಇರುತ್ತದೆ, ನೀರು ಅದರ ಮೇಲೆ ಹಾದು ಬಿಸಿಯಾಗುತ್ತದೆ. ನಲ್ಲಿಯನ್ನು ಪೂರ್ತಿ ತಿರುಗಿಸಿದರೆ ನೀರು ಬೇಗ ಹರಿದು ತಣ್ಣಗೇ ಬೀಳುತ್ತದೆ, ಬಹಳ ಕಡಿಮೆ ತಿರುಗಿಸಿದರೆ ಒತ್ತಡ ಸಾಲದೆ ಕಾಯಿಲ್ ಹತ್ತುವುದೇ ಇಲ್ಲ. ಕ್ರಮ ಹೀಗೆ: ಮೊದಲು ಅರ್ಧದಷ್ಟು ತಿರುಗಿಸಿ, ‘ಗುಂಯ್’ ಎನ್ನುವ ಸದ್ದು ಬಂತೆಂದರೆ ಕಾಯಿಲ್ ಹತ್ತಿದೆ. ಆಮೇಲೆ ಸದ್ದು ನಿಲ್ಲದ ಹಾಗೆ ಸ್ವಲ್ಪಸ್ವಲ್ಪವೇ ಕಡಿಮೆ ಮಾಡುತ್ತ ಬೇಕಾದ ಬಿಸಿಗೆ ನಿಲ್ಲಿಸಿ. ನೀರು ಬರುತ್ತಿರುವಾಗ ಶವರಿನ ತಲೆಯನ್ನಾಗಲಿ ಅದರ ವೈರನ್ನಾಗಲಿ ಮುಟ್ಟಬಾರದು. ಕಾಲಲ್ಲಿ ರಬ್ಬರ್ ಚಪ್ಪಲಿ ಇರಲಿ. ಐದು ನಿಮಿಷದಲ್ಲಿ ಮುಗಿಸಿ, ಅದೇ ಹೊತ್ತಿಗೆ ಮನೆಯ ಮಕ್ಕಳೂ ಶಾಲೆಗೆ ಹೊರಡುವ ಗಡಿಬಿಡಿಯಲ್ಲಿರುತ್ತಾರೆ.

ಪಾಠ ಸಾಮಾನ್ಯವಾಗಿ 8ರಿಂದ 12. ಅಂಗಳದ ಸುತ್ತ ಪುಟ್ಟಪುಟ್ಟ ಮೇಜು, ಒಂದೊಂದಕ್ಕೆ ಎರಡು ಕುರ್ಚಿ. ಮಧ್ಯೆ ಹತ್ತು ಗಂಟೆಯ ಸುಮಾರಿಗೆ ಕಾಫಿ ಬಿಡುವು. ಮೊದಲ ದಿನ ಮಾತಾಡಿಸಿಯೇ ನಿಮ್ಮ ಮಟ್ಟ ಅಳೆಯುತ್ತಾರೆ. ಅಕ್ಷರವೇ ಗೊತ್ತಿಲ್ಲದವರಿಗೂ ಇಂಗ್ಲಿಷ್ ನೆರವು ಕಡಿಮೆ, ಚಿತ್ರ ಬರೆದು ಅಭಿನಯಿಸಿ ತಿಳಿಸುತ್ತಾರೆ. ನಾಲ್ಕು ಗಂಟೆ ಒಬ್ಬರ ಎದುರು ಕೂತು ಕಲಿಯುವುದು ಸಣ್ಣ ಕೆಲಸವಲ್ಲ, ಹನ್ನೊಂದರ ಹೊತ್ತಿಗೆ ತಲೆ ಭಾರವಾಗುವುದು ಸಹಜ. ಕೆಲವರು ಉತ್ಸಾಹದಲ್ಲಿ ಆರು ಗಂಟೆಯ ಪಾಠಕ್ಕೆ ಹೆಸರು ಕೊಡುತ್ತಾರೆ. ಆರಂಭದವರಿಗೆ ನಾಲ್ಕೇ ಸಾಕು, ಉಳಿದ ಎರಡು ಗಂಟೆಯ ಶಕ್ತಿ ಮನೆಯ ಮೇಜಿಗೆ ಬೇಕು.

ಇಲ್ಲಿ ಮಧ್ಯಾಹ್ನದ ಆಲ್ಮ್ವೆರ್ಸೊ ದಿನದ ದೊಡ್ಡ ಊಟ. ಸೂಪು, ಅನ್ನ, ತರಕಾರಿ ಇಲ್ಲವೆ ಮಾಂಸ, ಮತ್ತು ಬಟ್ಟೆಯಲ್ಲಿ ಸುತ್ತಿಟ್ಟ ಬಿಸಿ ತೊರ್ತಿಯಾ. ಮೆಕ್ಕೆಜೋಳವನ್ನು ಸುಣ್ಣದ ನೀರಲ್ಲಿ ಬೇಯಿಸಿ, ತೊಳೆದು, ರುಬ್ಬಿ, ಕೈಯಲ್ಲಿ ತಟ್ಟಿದ ರೊಟ್ಟಿ ಅದು. ಮೆಕ್ಸಿಕೊದ್ದಕ್ಕಿಂತ ದಪ್ಪ. ಬಟ್ಟೆಯಿಂದ ಒಂದು ತೆಗೆದ ಕೂಡಲೇ ಮತ್ತೆ ಮುಚ್ಚಿಬಿಡಬೇಕು, ಇಲ್ಲದಿದ್ದರೆ ಉಳಿದವು ಆರಿ ಬಿರುಸಾಗುತ್ತವೆ. ಈ ಒಂದು ಅಭ್ಯಾಸ ನೋಡಿಯೇ ಸೆನ್ಯೋರಾ ಮೆಚ್ಚುತ್ತಾರೆ. ಊಟ ಮಾಡುತ್ತಿರುವವರ ಮುಂದೆ ಹಾದುಹೋಗುವಾಗ ‘ಬ್ವೆನ್ ಪ್ರೊವೆಚೊ’, ಅಂದರೆ ಊಟ ಚೆನ್ನಾಗಿ ಆಗಲಿ, ಅನ್ನಬೇಕು. ನಮ್ಮ ಊಟ ಮುಗಿದಾಗ ಮೇಜಿನ ಎಲ್ಲರಿಗೂ ‘ಮುಚಾಸ್ ಗ್ರಾಸಿಯಾಸ್’ ಎಂಬ ಧನ್ಯವಾದ, ಅದಕ್ಕೆ ಅವರ ಉತ್ತರ ಮತ್ತೆ ‘ಬ್ವೆನ್ ಪ್ರೊವೆಚೊ’. ಹೇಳದೆ ಎದ್ದು ಹೋದರೆ ಯಾರೂ ಬೈಯುವುದಿಲ್ಲ, ಆದರೆ ಮನಸ್ಸಿಗೆ ಹಚ್ಚಿಕೊಳ್ಳುತ್ತಾರೆ.

ಇಡೀ ವಾರದಲ್ಲಿ ಒಂದೇ ಒಂದು ನಿಯಮ ಪಾಲಿಸುವುದಾದರೆ ಇದನ್ನು ಪಾಲಿಸಿ: ತಟ್ಟೆ ಖಾಲಿಯಾದ ಮೇಲೂ ಮೇಜು ಬಿಡಬೇಡಿ. ಮೊದಲ ದಿನ ಹದಿನೈದು ನಿಮಿಷ ಸಾಕು. ಏನು ಮಾತಾಡುವುದು ಎನ್ನುವುದಕ್ಕೆ ಬೆಳಿಗ್ಗೆಯೇ ತಯಾರಿ ಇರಲಿ. ಪಾಠದ ಕೊನೆಯ ಹತ್ತು ನಿಮಿಷವನ್ನು ಶಿಕ್ಷಕರ ಹತ್ತಿರ ಕೇಳಿ ತೆಗೆದುಕೊಳ್ಳಿ, ಅವತ್ತು ಕಲಿತ ವ್ಯಾಕರಣದಲ್ಲೇ ಮೂರು ವಾಕ್ಯ ಕಟ್ಟಿಕೊಳ್ಳಿ, ಒಂದಾದರೂ ಪ್ರಶ್ನೆಯಾಗಿರಲಿ. ‘ಈ ಸೂಪಿಗೆ ಏನೇನು ಹಾಕಿದ್ದೀರಿ?’ ಎಂಬಂಥದ್ದು. ಊಟಕ್ಕೆ ಕೂತಾಗ ಮೂರನ್ನೂ ಹೇಳಿ. ಉತ್ತರವಾಗಿ ಬಂದ ಮಾತಲ್ಲಿ ಮುಕ್ಕಾಲು ಅರ್ಥವಾಗುವುದಿಲ್ಲ, ಕಿವಿಗೆ ಹೇಗೆ ಕೇಳಿತೋ ಹಾಗೇ ಎರಡು ಮೂರು ಪದವನ್ನು ಕನ್ನಡ ಅಕ್ಷರದಲ್ಲೇ ಬರೆದುಕೊಳ್ಳಿ. ಇಂಗ್ಲಿಷ್ ಅಕ್ಷರಕ್ಕಿಂತ ಕನ್ನಡದಲ್ಲಿ ಉಚ್ಚಾರ ಸರಿಯಾಗಿ ಹಿಡಿಯುತ್ತದೆ. ಮಾರನೆ ದಿನ ಪಾಠದ ಮೊದಲ ಅರ್ಧ ಗಂಟೆ ಆ ಪದಗಳದ್ದೇ. ಮೇಜಿನಿಂದ ಪಾಠಕ್ಕೆ, ಪಾಠದಿಂದ ಮೇಜಿಗೆ ಈ ಓಡಾಟ ಇಲ್ಲದವರು ನಾಲ್ಕು ವಾರ ಕಳೆದರೂ ವ್ಯಾಕರಣ ಬಲ್ಲ ಮೂಕರಾಗಿಯೇ ಉಳಿಯುತ್ತಾರೆ.

ಮಂಗಳವಾರ: ಕನ್ನಡದಲ್ಲಿ ಯೋಚಿಸಿ

ಎರಡನೇ ದಿನ ‘ಮೆ ಗುಸ್ತಾ’ ಬರುತ್ತದೆ. ಪಕ್ಕದ ಮೇಜಿನ ಅಮೆರಿಕನ್ ವಿದ್ಯಾರ್ಥಿ ಅಲ್ಲಿ ಗಂಟೆಗಟ್ಟಲೆ ಎಡವುತ್ತಾನೆ, ಕನ್ನಡದವರು ಎಡವಬೇಕಿಲ್ಲ. ‘ನನಗೆ ಕಾಫಿ ಇಷ್ಟ’ ಎನ್ನುವ ಅಚ್ಚಿನಲ್ಲೇ ‘ಮೆ ಗುಸ್ತಾ ಎಲ್ ಕಫೆ’. ‘ನನಗೆ ತಲೆ ನೋಯ್ತಿದೆ’ ಎನ್ನುವುದು ‘ಮೆ ದ್ವೇಲೆ ಲಾ ಕಬೇಸಾ’. ಕರ್ತೃವನ್ನು ಬಿಟ್ಟು ‘ಬಂದೆ’, ‘ಹೋದರು’ ಎಂದು ಕ್ರಿಯಾಪದದ ಕೊನೆಯಲ್ಲೇ ಯಾರೆಂದು ಹೇಳುವುದು ನಮಗೆ ಹುಟ್ಟಿನಿಂದ ಬಂದದ್ದು, ಸ್ಪ್ಯಾನಿಷ್ ಕೂಡ ಹಾಗೇ. ತೊಂದರೆ ಬರುವುದು ಮನಸ್ಸಿನಲ್ಲಿ ಇಂಗ್ಲಿಷಿನಿಂದ ತರ್ಜುಮೆ ಮಾಡಿದಾಗ. ಇಂಗ್ಲಿಷನ್ನು ನಡುವೆ ತರದೆ ನೇರ ಕನ್ನಡದಿಂದ ಹೋದರೆ ಅರ್ಧ ದಾರಿ ಸವೆದಿರುತ್ತದೆ.

ಉಚ್ಚಾರದಲ್ಲೂ ಹಾಗೇ. ಐದು ಸ್ವರಗಳು ಅ, ಎ, ಇ, ಒ, ಉ, ಎಲ್ಲಿ ಬಂದರೂ ಬದಲಾಗವು. ‘ತ’ ‘ದ’ ಹಲ್ಲಿಗೆ ತಾಗಬೇಕು, ಇಂಗ್ಲಿಷ್ ಅಭ್ಯಾಸದಿಂದ ‘ಟ’ ‘ಡ’ ಮಾಡಿಬಿಟ್ಟರೆ ಕೇಳುವವರಿಗೆ ತೊಡಕು. ‘ಹೆಚ್’ ಅಕ್ಷರಕ್ಕೆ ಸದ್ದಿಲ್ಲ, ‘ಜೆ’ ಅಕ್ಷರಕ್ಕೆ ‘ಹ’ಕಾರದ ಸದ್ದು. ‘ಪೆರೊ’ ಅಂದರೆ ಆದರೆ, ‘ಪೆರ್ರೊ’ ಅಂದರೆ ನಾಯಿ, ಆ ನಡುಗುವ ರಕಾರಕ್ಕೆ ನಾಲಿಗೆ ಪಳಗಲು ಸಮಯ ಬೇಕು. ನಿಜಕ್ಕೂ ಕಷ್ಟವಾಗುವುದು ವಸ್ತುಗಳ ಲಿಂಗ: ಮೇಜು ಹೆಣ್ಣು, ತಟ್ಟೆ ಗಂಡು. ಯಾವ ನಾಮಪದವನ್ನೂ ‘ಎಲ್’ ಅಥವಾ ‘ಲಾ’ ಇಲ್ಲದೆ ಒಂಟಿಯಾಗಿ ಬರೆದುಕೊಳ್ಳಬೇಡಿ. ‘ಸೆರ್’, ‘ಎಸ್ತಾರ್’ ಎಂಬ ಎರಡು ‘ಇರು’ಗಳು ಇನ್ನೊಂದು ತಲೆನೋವು. ಸೆಕೆ ಆಗುತ್ತಿದೆ ಅನ್ನಲು ‘ತೆಂಗೊ ಕಲೋರ್’ ಎಂದೇ ಹೇಳಿ, ‘ಎಸ್ತೊಯ್ ಕಲಿಯೆಂತೆ’ ಎಂದರೆ ಕಾಮದ ಅರ್ಥ ಬಂದು ಮೇಜಿನಲ್ಲಿ ಮುಜುಗರವಾಗುತ್ತದೆ.

ಬುಧವಾರ: ಹೊಟ್ಟೆಯ ವಿಚಾರ, ಪೀಲಾ, ಮತ್ತು ದೂರು ಹೇಳುವ ದಿನ

ಮೂರನೇ ದಿನಕ್ಕೆ ಆಯಾಸ ತಲೆಗೇರುತ್ತದೆ. ಊಟದ ಸಮಸ್ಯೆಗಳೂ ಇವತ್ತಿಗೆ ಗೊತ್ತಾಗಿರುತ್ತವೆ, ಮುಖ್ಯವಾಗಿ ಸಸ್ಯಾಹಾರಿಗಳಿಗೆ.

ಅರ್ಜಿಯಲ್ಲಿ ‘ಸಸ್ಯಾಹಾರಿ’ ಎಂದು ಬರೆದದ್ದು ಸಾಲುವುದಿಲ್ಲ. ‘ಕಾರ್ನೆ’ ಎಂದರೆ ಇಲ್ಲಿ ರೂಢಿಯಲ್ಲಿ ದನದ ಮಾಂಸ. ‘ಕಾರ್ನೆ ತಿನ್ನಲ್ಲ’ ಅಂದವರಿಗೆ ಪ್ರೀತಿಯಿಂದಲೇ ಕೋಳಿ ಬಡಿಸುತ್ತಾರೆ. ಪೂರ್ತಿ ವಾಕ್ಯ ಹೀಗಿರಲಿ: ‘ನೊ ಕೋಮೊ ಕಾರ್ನೆ, ನಿ ಪೊಯೊ, ನಿ ಪೆಸ್ಕಾದೊ’, ಅಂದರೆ ಮಾಂಸವಿಲ್ಲ, ಕೋಳಿಯಿಲ್ಲ, ಮೀನಿಲ್ಲ. ಮೊಟ್ಟೆಯೂ ಬೇಡವಾದರೆ ‘ನಿ ವೇವೊಸ್’ ಸೇರಿಸಿ. ಇಷ್ಟಾದ ಮೇಲೂ ಎರಡು ಅಡಗಿರುತ್ತವೆ. ಒಂದು ‘ಕೊನ್ಸೊಮೆ’: ಅನ್ನ, ಸೂಪುಗಳಿಗೆ ರುಚಿಗೆಂದು ಹಾಕುವ ಕೋಳಿಸಾರಿನ ಪುಡಿ. ಇನ್ನೊಂದು ‘ಮಾಂತೇಕಾ’, ಅಂದರೆ ಹಂದಿಕೊಬ್ಬು, ಕಾಳು ಹುರಿಯಲು ಬಳಸುವುದುಂಟು. ಎರಡನ್ನೂ ಹೆಸರಿಟ್ಟು ಕೇಳಬೇಕು, ಬದಲಿಗೆ ‘ಅಸೇಯ್ತೆ’ ಎಂದರೆ ಅಡುಗೆ ಎಣ್ಣೆ ಬಳಸಲು ಕೇಳಿಕೊಳ್ಳಬೇಕು. ಅಡುಗೆಗೆ ಮುಂಚೆ ಹೇಳಿ. ಬಡಿಸಿದ ಮೇಲೆ ತಟ್ಟೆ ಸರಿಸಿದರೆ ಅವರಿಗೆ ನೋವಾಗುತ್ತದೆ.

ಹಾಗೆಂದು ಸಸ್ಯಾಹಾರಿಗಳು ಹೆದರಬೇಕಿಲ್ಲ. ಈ ಅಡುಗೆಯ ಬೆನ್ನೆಲುಬು ಫ್ರಿಹೋಲೆಸ್ ಎನ್ನುವ ಕಪ್ಪು ಬೀನ್ಸ್ ಕಾಳು. ಒಮ್ಮೆ ದೊಡ್ಡ ಪಾತ್ರೆಯಲ್ಲಿ ಈರುಳ್ಳಿ ಬೆಳ್ಳುಳ್ಳಿ ಹಾಕಿ ಬೇಯಿಸಿದರೆ ಮೊದಲ ದಿನ ಇಡಿ ಕಾಳು ಸಾರಿನ ಸಮೇತ, ಅದು ‘ಪರಾದೊಸ್’. ಮಾರನೆ ದಿನ ಅದನ್ನೇ ಅರೆದು ಸೋಸಿ ಗಟ್ಟಿ ಗಂಜಿಯಂತೆ, ‘ಕೊಲಾದೊಸ್’. ಅದಕ್ಕೂ ಮುಂದಿನ ದಿನ ಬಾಣಲೆಯಲ್ಲಿ ಎಣ್ಣೆ ಬಿಟ್ಟು ತಳ ಬಿಟ್ಟು ಉಂಡೆಯಾಗಿ ಹೊರಳುವವರೆಗೆ ಹುರಿದರೆ ‘ವೊಲ್ತೆಯಾದೊಸ್’. ಹಂದಿಕೊಬ್ಬು ಸೇರುವುದಿದ್ದರೆ ಹೆಚ್ಚಾಗಿ ಈ ಮೂರನೇ ಹಂತದಲ್ಲಿ. ಜೊತೆಗೆ ಹುರಿದ ಬಾಳೆಕಾಯಿ, ಹಸಿ ಚೀಸು, ಸುಟ್ಟ ಟೊಮೆಟೊ ಅರೆದ ಚಿರ್ಮೋಲ್. ಗ್ವಿಸ್ಕಿಲ್ ಎಂದು ಬರುವ ತರಕಾರಿ ನಮ್ಮ ಸೀಮೆ ಬದನೆಕಾಯಿಯೇ, ಅದರ ತವರು ಮಧ್ಯ ಅಮೆರಿಕದ ಈ ಸೀಮೆ. ಖಾರ ಅಡುಗೆಯೊಳಗೆ ಇರುವುದಿಲ್ಲ, ಬೇಕಾದವರು ಮೇಲೆ ಹಾಕಿಕೊಳ್ಳಬೇಕು, ಕೋಬಾನ್ ಕಡೆಯ ಮೆಣಸಿನ ಪುಡಿ ಕೇಳಿದರೆ ಕೊಡುತ್ತಾರೆ. ಉಪ್ಪಿನಕಾಯಿ ಡಬ್ಬಿ ಒಯ್ದವರು ಅದನ್ನು ಕೋಣೆಯಲ್ಲಿ ಒಬ್ಬರೇ ತಿನ್ನಬೇಡಿ, ಮೇಜಿಗೆ ತನ್ನಿ.

ಹೊಟ್ಟೆ ಕೆಟ್ಟರೆ ಕಾರಣ ಬಹುತೇಕ ಹೊರಗಡೆ ತಿಂದ ಹಸಿ ಸಲಾಡ್, ಹೆಚ್ಚಿಟ್ಟ ಹಣ್ಣು, ಐಸು. ಮೊದಲ ವಾರ ಇವನ್ನು ಮುಟ್ಟಬೇಡಿ. ಔಷಧಿ ಅಂಗಡಿಯಲ್ಲಿ ‘ಸ್ವೇರೊ ಓರಾಲ್’ ಎಂದು ಕೇಳಿದರೆ ಓಆರ್‌ಎಸ್ ಸಿಗುತ್ತದೆ. ಸೆನ್ಯೋರಾಗೆ ಹೇಳಿ, ಮುಚ್ಚಿಡಬೇಡಿ, ಅವರು ಅವತ್ತು ಬೇರೆ ಅಡುಗೆಯನ್ನೇ ಮಾಡಿಕೊಡುತ್ತಾರೆ. ಜ್ವರವಿದ್ದರೆ, ಮಲದಲ್ಲಿ ರಕ್ತ ಕಂಡರೆ ಕಾಯದೆ ವೈದ್ಯರ ಬಳಿ ಹೋಗಬೇಕು.

ಪಾತ್ರೆ ತೊಳೆಯಲು ಕೈಜೋಡಿಸುವವರಿಗೆ ಪೀಲಾದ ಕಟ್ಟಳೆ ಗೊತ್ತಿರಬೇಕು. ಅಂಗಳದ ಬದಿಯಲ್ಲಿ ಸಿಮೆಂಟಿನ ಒಂದೇ ಕಟ್ಟೆಯಲ್ಲಿ ಮೂರು ಭಾಗ: ನಡುವೆ ನೀರು ತುಂಬಿದ ಆಳದ ತೊಟ್ಟಿ, ಎರಡು ಪಕ್ಕಕ್ಕೆ ತಗ್ಗಿನ ಕಟ್ಟೆ. ಒಂದು ಕಡೆಯದರ ತಳದಲ್ಲಿ ನಮ್ಮ ಬಟ್ಟೆ ಒಗೆಯುವ ಕಲ್ಲಿನ ಹಾಗೆ ಗೀರುಗಳಿರುತ್ತವೆ, ಅದು ಬಟ್ಟೆಗೆ. ಇನ್ನೊಂದು ಪಾತ್ರೆಗೆ. ನಡುವಿನ ತೊಟ್ಟಿಗೆ ಸೋಪಿನ ಕೈಯನ್ನಾಗಲಿ ಎಂಜಲು ತಟ್ಟೆಯನ್ನಾಗಲಿ ಅದ್ದಬಾರದು. ಪ್ಲಾಸ್ಟಿಕ್ ಬೋಗುಣಿಯಲ್ಲಿ ನೀರು ಮೊಗೆದು ಪಕ್ಕದ ಕಟ್ಟೆಯಲ್ಲಿ ಸುರಿದುಕೊಂಡು ತೊಳೆಯಬೇಕು. ನಲ್ಲಿ ನಿಂತ ದಿನ ಇಡೀ ಮನೆಗೆ ಆ ತೊಟ್ಟಿಯ ನೀರೇ ಗತಿ, ಆದ್ದರಿಂದ ಅದು ಕೆಡುವಂತಿಲ್ಲ. ನಾಲ್ಕು ತಟ್ಟೆ ತೊಳೆಯುತ್ತ ಪೀಲಾದ ಪಕ್ಕ ನಿಂತರೆ ಸಿಗುವ ಹರಟೆ ಯಾವ ತರಗತಿಯಲ್ಲೂ ಸಿಗದು.

ಮನೆ ಅಥವಾ ಶಿಕ್ಷಕರು ಹೊಂದದಿದ್ದರೆ ಹೇಳಲು ಬುಧವಾರವೇ ಸರಿ. ಮೊದಲೆರಡು ದಿನದಲ್ಲಿ ತೀರ್ಮಾನ ಅವಸರದ್ದಾಗುತ್ತದೆ, ಶುಕ್ರವಾರ ಹೇಳಿದರೆ ಮುಂದಿನ ವಾರದ ಮನೆಗಳೆಲ್ಲ ಗೊತ್ತಾಗಿಬಿಟ್ಟಿರುತ್ತವೆ. ದೂರನ್ನು ಮನೆಯವರ ಮುಖಕ್ಕೆ ಹೇಳದೆ ಶಾಲೆಯಲ್ಲಿ ಮನೆಗಳ ಉಸ್ತುವಾರಿ ನೋಡುವವರಿಗೆ ಹೇಳಿ. ‘ನನ್ನ ಜೊತೆ ಯಾರೂ ಊಟಕ್ಕೆ ಕೂರುತ್ತಿಲ್ಲ’ ಎನ್ನುವುದು ಮನೆ ಬದಲಿಸಲು ಪೂರ್ತಿ ನ್ಯಾಯವಾದ ಕಾರಣ. ಶಿಕ್ಷಕರೇ ಮುಕ್ಕಾಲು ಹೊತ್ತು ಮಾತಾಡುತ್ತಿದ್ದರೆ ಅದೂ ನ್ಯಾಯವಾದ ಕಾರಣವೇ.

ಗುರುವಾರ: ಸಂತೆ

ಸೋಮವಾರ, ಗುರುವಾರ, ಶನಿವಾರ ಊರಿನ ಸಂತೆ ಜೋರು. ಸೆನ್ಯೋರಾ ಹೋಗುವಾಗ ಚೀಲ ಹಿಡಿದು ಜೊತೆಗೆ ಹೊರಡಿ. ತೂಕ ಕಿಲೋದಲ್ಲಿ ಅಲ್ಲ, ಲಿಬ್ರಾದಲ್ಲಿ, ಸುಮಾರು 450 ಗ್ರಾಂ. ಸಂಖ್ಯೆಗಳು ನಾಲಿಗೆಗೆ ಹತ್ತುವುದು ಇಲ್ಲೇ. ದುಡ್ಡು ಕೆತ್ಸಾಲ್, ಒಂದು ಡಾಲರಿಗೆ ಏಳೂವರೆಯಿಂದ ಎಂಟರ ಆಸುಪಾಸು. ನೂರರ ನೋಟಿಗೆ ಚಿಲ್ಲರೆ ಸಿಗುವುದು ಕಷ್ಟ, ಐದು ಹತ್ತರ ನೋಟು ಇಟ್ಟುಕೊಳ್ಳಿ. ವಾಕ್ಯ ‘ಫಿಹೆಸೆ ಕೆ’ ಎಂದು ಶುರುವಾದರೆ ಮುಂದೆ ‘ಇಲ್ಲ’ ಬರುತ್ತಿದೆ ಎಂದು ತಿಳಿಯಿರಿ: ನೋಡಿ, ಇವತ್ತು ಬಸ್ಸಿಲ್ಲ, ನೋಡಿ, ಬಿಸಿನೀರಿಲ್ಲ.

ಶುಕ್ರವಾರ

ವಾರದ ಪಾಠ ಮುಗಿಯುತ್ತದೆ. ವರ್ತಮಾನ ಕಾಲ ಬಳಕೆಗೆ ಬಂದಿರುತ್ತದೆ, ‘ವೊಯ್ ಆ’ ಸೇರಿಸಿ ನಾಳೆಯ ಮಾತೂ ಆಡಬಹುದು. ಸಂಜೆ ಶಾಲೆಯ ಗೆಳೆಯರೆಲ್ಲ ಹೋಟೆಲಿಗೆ ಕರೆಯುತ್ತಾರೆ, ಹೋಗಿ, ಆದರೆ ರಾತ್ರಿ ಊಟಕ್ಕೆ ಬರುವುದಿಲ್ಲವೆಂದು ಬೆಳಗಿನ ತಿಂಡಿಯ ಹೊತ್ತಿಗೇ ಮನೆಯಲ್ಲಿ ಹೇಳಿರಬೇಕು: ‘ಓಯ್ ನೊ ವೆಂಗೊ ಆ ಸೆನಾರ್’. ಮನೆಯ ತಲೆ ಎಣಿಸಿ ತೊರ್ತಿಯಾ ತರುತ್ತಾರೆ. ಹೇಳದೆ ತಡವಾದರೆ ಊಟ ಹಾಳಾಗುವುದಕ್ಕಿಂತ ಹೆಚ್ಚಾಗಿ, ಬಾಗಿಲ ಸದ್ದಿಗೆ ಕಿವಿಕೊಟ್ಟು ಸೆನ್ಯೋರಾ ಎಚ್ಚರವಾಗಿರುತ್ತಾರೆ.

ಶನಿವಾರ: ಸಾನ್ ಆಂತೋನಿಯೊ, ಸಂಜೆಯ ಕೆಂಪು ದೀಪ

ನಸುಕಿನಲ್ಲಿ ಪಟಾಕಿ ಸಿಡಿದರೆ ಗಾಬರಿ ಬೇಡ, ಯಾರದೋ ಹುಟ್ಟುಹಬ್ಬ. ಮನೆಯಲ್ಲಿ ಇವತ್ತೂ ಊಟವಿದೆ. ಬಿಡುವಿನ ದಿನವಾದ್ದರಿಂದ ಹತ್ತಿರದ ಸಾನ್ ಆಂತೋನಿಯೊ ಆಗುವಾಸ್ ಕಲಿಯೆಂತೆಸ್‌ಗೆ ಹೋಗಿಬನ್ನಿ. ಕಕ್ಚಿಕೆಲ್ ಮಾಯಾ ಜನರ ಊರು, ಹೆಂಗಸರು ಮಗ್ಗದ ಒಂದು ತುದಿಯನ್ನು ಕಂಬಕ್ಕೂ ಇನ್ನೊಂದನ್ನು ತಮ್ಮ ಸೊಂಟಕ್ಕೂ ಕಟ್ಟಿಕೊಂಡು, ನೆಲದ ಮೇಲೆ ಕೂತು ರವಿಕೆಯ ಬಟ್ಟೆ ನೇಯುತ್ತಾರೆ. ಸೊಂಟ ಹಿಂದಕ್ಕೆ ಬಾಗಿದರೆ ನೂಲು ಬಿಗಿ, ಮುಂದಕ್ಕೆ ಬಾಗಿದರೆ ಸಡಿಲ. ಅಲ್ಲಿನವರಿಗೂ ಸ್ಪ್ಯಾನಿಷ್ ಎರಡನೇ ಭಾಷೆಯಾಗಿರುವುದುಂಟು. ನಿಧಾನವಾಗಿ ಸ್ಪಷ್ಟವಾಗಿ ಆಡುತ್ತಾರೆ, ಹೊಸಬರ ಕಿವಿಗೆ ಅನುಕೂಲ.

ಬಸ್ಸು ಮಾರುಕಟ್ಟೆಯ ಹಿಂದಿನ ನಿಲ್ದಾಣದಿಂದ. ಅಮೆರಿಕದಲ್ಲಿ ಶಾಲಾ ಬಸ್ಸಾಗಿ ದುಡಿದು ಬಂದವಕ್ಕೆ ಇಲ್ಲಿ ಬಣ್ಣ ಬಳಿದು ಓಡಿಸುತ್ತಾರೆ, ಮಕ್ಕಳಿಬ್ಬರ ಸೀಟಿನಲ್ಲಿ ದೊಡ್ಡವರು ಮೂವರು ಕೂರಬೇಕು. ಬಾಗಿಲಲ್ಲಿ ದುಡ್ಡು ಕೊಡಬೇಕಿಲ್ಲ, ಕೂತ ಮೇಲೆ ಆಯುದಾಂತೆ ಎಂಬ ಕಂಡಕ್ಟರ್ ಬರುತ್ತಾನೆ. ದರವನ್ನು ಪಕ್ಕದವರ ಹತ್ತಿರ ಮೊದಲೇ ಕೇಳಿಟ್ಟುಕೊಂಡು ಸರಿಯಾದ ಚಿಲ್ಲರೆ ಕೊಡಿ. ಹಳ್ಳಿಯೊಳಗೆ ಓಡುವ ಟುಕ್‌ಟುಕ್‌ಗಳು ನಮ್ಮ ಬಜಾಜ್ ಆಟೋಗಳೇ.

ಸಂಜೆ ಕೆಲವು ಮನೆಗಳ ಬಾಗಿಲಲ್ಲಿ ಕೆಂಪು ದೀಪ ಹತ್ತುತ್ತದೆ. ಇಲ್ಲಿ ಇವತ್ತು ತಮಾಲ್ ಮಾರುತ್ತೇವೆ ಎಂಬ ಗುರುತು ಅದು. ಎಲೆಯಲ್ಲಿ ಸುತ್ತಿ ಬೇಯಿಸಿದ ಮೆಕ್ಕೆಜೋಳದ ಹಿಟ್ಟಿನೊಳಗೆ ಮಾಂಸ, ಹಿಟ್ಟಿನಲ್ಲೇ ಕೊಬ್ಬು, ಹಾಗಾಗಿ ಸಸ್ಯಾಹಾರಿಗಳಿಗಲ್ಲ. ಅವರು ಪಾರ್ಕಿನ ಬದಿ ‘ರೆಯೆನೀತೊಸ್’ ಹುಡುಕಲಿ: ಬಲಿತು ಹಣ್ಣಾದ ಪ್ಲಾಂಟೇನ್ ಬಾಳೆಯನ್ನು ಬೇಯಿಸಿ ಮಿದ್ದು, ಒಳಗೆ ಸಕ್ಕರೆ ಬೆರೆಸಿದ ಕಪ್ಪು ಕಾಳಿನ ಹೂರಣವಿಟ್ಟು, ಕೋಳಿಮೊಟ್ಟೆಯಾಕಾರಕ್ಕೆ ಕಟ್ಟಿ ಕರಿದದ್ದು. ಕರಿದ ಎಣ್ಣೆ ಯಾವುದೆಂದು ಕೇಳಿಯೇ ಕೊಳ್ಳಿ, ಕೇಳುವಷ್ಟು ಸ್ಪ್ಯಾನಿಷ್ ಇಷ್ಟರಲ್ಲಿ ಬಂದಿರುತ್ತದೆ.

ಭಾನುವಾರ: ಊಟವಿಲ್ಲದ ದಿನ

ಕೊಡುವ ಹಣದಲ್ಲಿ ಸೇರಿದ್ದು ವಾರಕ್ಕೆ ಆರು ದಿನದ ಊಟ. ಭಾನುವಾರ ಸೆನ್ಯೋರಾಗೆ ರಜೆ, ಅಡುಗೆಮನೆಗೆ ನುಗ್ಗಬೇಡಿ. ಮನೆಯವರು ತಾವಾಗಿ ಕರೆದರೆ ಮಾತ್ರ ಹೋಗಿ, ಹೋಗುವಾಗ ಹಣ್ಣೋ ಬೇಕರಿಯ ಬ್ರೆಡ್ಡೋ ಕೈಯಲ್ಲಿರಲಿ.

ಊರು ನೋಡಲು ಇದೇ ದಿನ. 1773ರ ಭೂಕಂಪದಲ್ಲಿ ಊರು ಕುಸಿದ ಮೇಲೆ ರಾಜಧಾನಿಯನ್ನು 1776ರಲ್ಲಿ ಈಗಿನ ಗ್ವಾಟೆಮಾಲಾ ಸಿಟಿಗೆ ಒಯ್ದರು. ಅಳಿದುಳಿದ ಚರ್ಚು, ಮಠಗಳ ಗೋಡೆಗಳು ಹಾಗೇ ನಿಂತಿವೆ, 1979ರಲ್ಲಿ ಯುನೆಸ್ಕೊ ಪಟ್ಟಿ ಸೇರಿದವು. ಸಾಂತಾ ಕತಲೀನಾ ಕಮಾನಿನ ಬೀದಿಯಲ್ಲಿ ಜನಜಂಗುಳಿ. ತಾಂಕೆ ಲಾ ಊನಿಯೋನ್‌ನ ಸಾಲು ಪೀಲಾಗಳ ಬಳಿ ನೆಮ್ಮದಿ. ಈ ನೆಲ ಇನ್ನೂ ನಡುಗುತ್ತದೆ. ಸಣ್ಣ ಕಂಪನವಾದರೆ ಹಾಸಿಗೆ ಬಿಟ್ಟು ಅಂಗಳದ ನಡುವಿಗೆ ಬರಬೇಕು, ಹೆಂಚಿನ ಸೂರಿನಂಚಿನ ಕೆಳಗೆ ನಿಲ್ಲಬಾರದು. ಈ ದಾರಿಯನ್ನು ಮನೆಯವರು ಮೊದಲ ದಿನ ತೋರಿಸದಿದ್ದರೆ ಕೇಳಿ ತಿಳಿದುಕೊಳ್ಳಿ.

ಮನೆಗೆ ಫೋನ್ ಮಾಡಲು ಲೆಕ್ಕ: ಭಾರತ ಹನ್ನೊಂದೂವರೆ ಗಂಟೆ ಮುಂದೆ. ಇಲ್ಲಿ ಬೆಳಿಗ್ಗೆ 7 ಆದಾಗ ಊರಲ್ಲಿ ಸಂಜೆ 6.30.

ಎರಡನೇ ವಾರ ಮತ್ತು ಹೊರಡುವ ದಿನ

ಮುಂದಿನ ವಾರ ಭೂತಕಾಲ ಶುರುವಾಗುತ್ತದೆ, ಮೇಜಿನ ಮಾತಿಗೆ ಆಗಲೇ ರುಚಿ. ‘ಇವತ್ತು ಏನಾಯಿತು’ ಎಂದು ಹೇಳಲು ಬಂದ ದಿನದಿಂದ ಹದಿನೈದು ನಿಮಿಷ ತಾನಾಗಿ ಒಂದು ಗಂಟೆಯಾಗುತ್ತದೆ. ಕಲಿಕೆ ನಿಂತಂತೆ ಅನಿಸುವುದೂ ಇದೇ ವಾರ, ಯಾಕೆಂದರೆ ಎರಡು ಬಗೆಯ ಭೂತಕಾಲ ಒಂದರ ಬೆನ್ನಿಗೆ ಒಂದು ಬಂದು ಮೊದಲ ವಾರದ ಸಲೀಸನ್ನು ಕಸಿದುಕೊಳ್ಳುತ್ತವೆ. ಸಾಧ್ಯವಾದರೆ ನಾಲ್ಕು ವಾರ ಉಳಿಯಿರಿ, ಎರಡಕ್ಕೆ ಹಿಂದಿರುಗಿದವರಲ್ಲಿ ಕಲಿತದ್ದು ಬೇಗ ಆರಿಹೋಗುತ್ತದೆ. 3,976 ಮೀಟರಿನ ಅಕತೆನಾಂಗೊ ಜ್ವಾಲಾಮುಖಿ ಹತ್ತುವ ಆಸೆಯನ್ನು ಎರಡನೇ ವಾರಾಂತ್ಯಕ್ಕೆ ಇಟ್ಟುಕೊಳ್ಳಿ, ಅಷ್ಟರಲ್ಲಿ ಮೈ ಎತ್ತರಕ್ಕೆ ಒಗ್ಗಿರುತ್ತದೆ. ಈಸ್ಟರ್ ವಾರದಲ್ಲಿ ಹೋಗುವುದಾದರೆ ಮನೆಯನ್ನು ತಿಂಗಳುಗಟ್ಟಲೆ ಮುಂಚೆ ಗೊತ್ತುಮಾಡಬೇಕು. ಬಣ್ಣದ ಮರದ ಹೊಟ್ಟು, ಹೂಗಳ ರಂಗೋಲಿ ಹಾಸಿದ ಬೀದಿಗಳಲ್ಲಿ ಮೆರವಣಿಗೆ ಸಾಗುವ ಆ ವಾರ ಊರೆಲ್ಲ ತುಂಬಿರುತ್ತದೆ, ರಸ್ತೆಗಳು ಮುಚ್ಚಿರುತ್ತವೆ.

ಹೊರಡುವ ವ್ಯಾನ್ ಬೆಳಗಿನ ವಿಮಾನಗಳಿಗಾಗಿ ನಸುಕಿಗೇ ಬರುವುದುಂಟು. ಹಿಂದಿನ ದಿನವೇ ಮನೆಯ ವಿಳಾಸವನ್ನು ನೋರ್ತೆ, ಸೂರ್ ಸಮೇತ ಹೇಳಿ ಖಚಿತಪಡಿಸಿಕೊಳ್ಳಿ. ಆ ಒಂದು ಪದ ತಪ್ಪಿದರೆ ವ್ಯಾನ್ ಊರಿನ ಇನ್ನೊಂದು ತುದಿಯಲ್ಲಿ ಕಾಯುತ್ತದೆ. ರಾತ್ರಿ ಊಟದ ಮೇಜಿನಲ್ಲೇ ವಿದಾಯ ಹೇಳಿ, ದುಡ್ಡಿನ ಬಾಕಿ ಏನಾದರೂ ಇದ್ದರೆ ಶಾಲೆಯಲ್ಲೇ ತೀರಿಸಿರಿ. ಸೆನ್ಯೋರಾರ ಫೋನ್ ನಂಬರ್ ಬರೆದುಕೊಳ್ಳಿ, ಇಲ್ಲಿ ಎಲ್ಲರೂ ವಾಟ್ಸಾಪಿನಲ್ಲಿದ್ದಾರೆ, ವಾರಕ್ಕೊಂದು ಧ್ವನಿ ಸಂದೇಶ ಕಳಿಸಿದರೆ ನಾಲಿಗೆ ಜಡ್ಡುಗಟ್ಟುವುದಿಲ್ಲ. ಬೀಗದ ಕೈಯನ್ನು ಜೇಬಿನಲ್ಲಿ ಒಯ್ಯದೆ ರಾತ್ರಿಯೇ ಅವರ ಕೈಗೆ ಕೊಡಿ, ನಸುಕಿನಲ್ಲಿ ಬಾಗಿಲು ತೆಗೆಯಲು ಅವರೇ ಏಳುತ್ತಾರೆ.